ಲೋಹದೊಳಗಿನ ನೆರೆಹೊರೆ

ಕೆಂಪು ಚಿನ್ನದಲ್ಲಿ ಕೆಲಸ ಮಾಡುವ ಅಕ್ಕಸಾಲಿಗರಿಗೆ ಒಂದು ಸಂಗತಿ ಕೈಯ ಅನುಭವದಿಂದಲೇ ಗೊತ್ತಿರುತ್ತದೆ. ತಾಮ್ರ ಮಾತ್ರ ಬೆರೆಸಿದ 18 ಕ್ಯಾರೆಟ್ ಚಿನ್ನದ ತಗಡನ್ನು ಕೆಂಪಗೆ ಕಾಯಿಸಿ ಅದರ ಪಾಡಿಗೆ ಆರಲು ಬಿಟ್ಟರೆ ಅದು ಪೆಡಸಾಗುತ್ತದೆ, ಬಗ್ಗಿಸಹೋದರೆ ಬಿರುಕು ಬಿಡುತ್ತದೆ. ಅದೇ ತಗಡನ್ನು ಕೆಂಪು ಆರುವ ಮೊದಲೇ ಇಕ್ಕಳದಲ್ಲಿ ಹಿಡಿದು ನೀರಿಗೆ ಅದ್ದಿದರೆ ಮೆತ್ತಗೇ ಉಳಿಯುತ್ತದೆ, ಸುತ್ತಿಗೆ ಹೇಳಿದಂತೆ ಕೇಳುತ್ತದೆ. ಕಮ್ಮಾರರ ಕುಲುಮೆಯಲ್ಲಿ ನಾವು ಕಂಡಿರುವುದು ಇದಕ್ಕೆ ತದ್ವಿರುದ್ಧ. ಅಲ್ಲಿ ಕಾದ ಉಕ್ಕನ್ನು ನೀರಿಗೆ ಅದ್ದುವುದು ಅದು ಗಟ್ಟಿಯಾಗಲೆಂದು.

ಆ ಚಿನ್ನ ಆರುವ ಹೊತ್ತಿನಲ್ಲಿ ಅದರೊಳಗೆ ಏನು ನಡೆಯುತ್ತದೆ ಎಂಬುದನ್ನು ಓದಿ ತಿಳಿದಂದಿನಿಂದ ಲೋಹವನ್ನು ಜಡ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಮೊದಲು ಒಂದು ಸಣ್ಣ ಲೆಕ್ಕ. 18 ಕ್ಯಾರೆಟ್ ಎಂದರೆ ನೂರು ಗ್ರಾಂನಲ್ಲಿ 75 ಗ್ರಾಂ ಚಿನ್ನ, ಉಳಿದ 25 ಗ್ರಾಂ ತಾಮ್ರ. ತೂಕದಲ್ಲಿ ಮೂರಕ್ಕೆ ಒಂದು. ಆದರೆ ಚಿನ್ನದ ಒಂದು ಪರಮಾಣು ತಾಮ್ರದ ಪರಮಾಣುವಿಗಿಂತ ಸುಮಾರು ಮೂರು ಪಟ್ಟು ಭಾರ. ಹಾಗಾಗಿ ತಲೆ ಎಣಿಸಿದರೆ ಎರಡೂ ಹೆಚ್ಚುಕಡಿಮೆ ಸರಿಸಮ! ವ್ಯಾಪಾರದ ಅನುಕೂಲಕ್ಕೆಂದು ಮನುಷ್ಯರು ಗೊತ್ತುಮಾಡಿಕೊಂಡ ಒಂದು ಪ್ರಮಾಣ, ಯಾರೂ ಬಯಸದೆಯೇ, ಪ್ರಕೃತಿಗೆ ಇಷ್ಟವಾದ ಪ್ರಮಾಣದ ಮೇಲೆ ಬಂದು ಕೂತಿದೆ.

ಕೆಂಪಗೆ ಕಾದಿರುವಾಗ ಈ ಎರಡು ಬಗೆಯ ಪರಮಾಣುಗಳು ಹೇಗೆಂದರೆ ಹಾಗೆ ಬೆರೆತಿರುತ್ತವೆ. ಸ್ಫಟಿಕದ ಚೌಕಟ್ಟು ಆಗಲೂ ಕ್ರಮವಾಗಿಯೇ ಇರುತ್ತದೆ, ಯಾವ ಮನೆಯಲ್ಲಿ ಯಾರು ಎಂಬುದಕ್ಕೆ ಮಾತ್ರ ಕಟ್ಟುಪಾಡಿಲ್ಲ. ಉಷ್ಣತೆ ಸುಮಾರು 410 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯುತ್ತಾ ಹೋದಂತೆ ಕಟ್ಟುಪಾಡು ಹುಟ್ಟುತ್ತದೆ. ಒಂದು ಪದರ ಚಿನ್ನ, ಅದರ ಮೇಲೆ ಒಂದು ಪದರ ತಾಮ್ರ, ಮತ್ತೆ ಚಿನ್ನ, ಮತ್ತೆ ತಾಮ್ರ. ಪ್ರತಿ ಚಿನ್ನದ ಪರಮಾಣುವಿನ ಹನ್ನೆರಡು ನೆರೆಯವರಲ್ಲಿ ಎಂಟು ತಾಮ್ರ, ನಾಲ್ಕೇ ಚಿನ್ನ. ಹೀಗೆ ಸಾಲು ಹಿಡಿದ ಮೇಲೆ ಚೌಕಟ್ಟಿನ ಆಕಾರವೂ ಬದಲಾಗುತ್ತದೆ. ಮೂರು ದಿಕ್ಕಿಗೂ ಸಮನಾಗಿದ್ದದ್ದು ಒಂದು ದಿಕ್ಕಿನಲ್ಲಿ ಉಳಿದೆರಡಕ್ಕಿಂತ ಶೇಕಡ 7ರಷ್ಟು ಗಿಡ್ಡವಾಗುತ್ತದೆ. ತಗಡಿನೊಳಗೆ ಒಂದೊಂದು ಭಾಗ ಒಂದೊಂದು ದಿಕ್ಕಿಗೆ ಹೀಗೆ ಕುಗ್ಗಿದರೆ ಒಳಗೆಲ್ಲ ಬಿಗಿತ ಏಳುತ್ತದೆ. ಅಕ್ಕಸಾಲಿಗರ ಸುತ್ತಿಗೆಗೆ ತಾಗುವ ಪೆಡಸು ಇದೇ. ನೀರಿಗೆ ಅದ್ದಿದಾಗ ಪರಮಾಣುಗಳಿಗೆ ಜಾಗ ಬದಲಿಸಲು ಪುರುಸೊತ್ತು ಸಿಗುವುದಿಲ್ಲ. ಬಿಸಿಯಲ್ಲಿದ್ದ ಗೊಂದಲ ಹಾಗೇ ಹೆಪ್ಪುಗಟ್ಟಿ ಉಳಿದುಬಿಡುತ್ತದೆ.

ರಷ್ಯಾದ ಕುರ್ನಾಕೋವ್ ಮತ್ತು ಸಂಗಡಿಗರು 1916ರಲ್ಲೇ ಇದರ ವಾಸನೆ ಹಿಡಿದಿದ್ದರು. ಚಿನ್ನ–ತಾಮ್ರದ ಕೆಲವು ಮಿಶ್ರಣಗಳನ್ನು ನಿಧಾನವಾಗಿ ತಣಿಸಿದಾಗ ಅವುಗಳ ವಿದ್ಯುತ್ ಪ್ರತಿರೋಧ ಎದ್ದುಕಾಣುವಂತೆ ತಗ್ಗುತ್ತಿತ್ತು. 1925ರಲ್ಲಿ ಸ್ವೀಡನ್ನಿನ ಯೊಹಾನ್ಸನ್ ಮತ್ತು ಲಿಂಡೆ ಅದೇ ಲೋಹದ ಎಕ್ಸ್‌ರೇ ಚಿತ್ರಗಳಲ್ಲಿ ಹೊಸದಾಗಿ ಮೂಡಿದ ಮಸುಕು ಗೆರೆಗಳನ್ನು ಕಂಡರು. ಬೆರಕೆಯಾಗಿದ್ದ ಪರಮಾಣುಗಳು ಸಾಲಾಗಿ ಕೂತಿವೆ ಎನ್ನುವುದಕ್ಕೆ ಆ ಗೆರೆಗಳೇ ಸಾಕ್ಷಿ. ಒಂಬತ್ತು ವರ್ಷಗಳ ನಂತರ ಲಾರೆನ್ಸ್ ಬ್ರ್ಯಾಗ್ ಮತ್ತು ವಿಲಿಯಮ್ಸ್ ಇದಕ್ಕೊಂದು ಸಿದ್ಧಾಂತ ಕೊಟ್ಟರು. ನನ್ನನ್ನು ತುಂಬಾ ಕಾಲ ಹಿಡಿದಿಟ್ಟದ್ದು ಅದರ ತಿರುಳು. ಒಂದು ಪರಮಾಣು ತನ್ನ ಸರಿಯಾದ ಮನೆಯಲ್ಲಿ ಇರುವುದರಿಂದ ಆಗುವ ಲಾಭ, ಉಳಿದವರು ಎಷ್ಟರಮಟ್ಟಿಗೆ ತಮ್ಮ ತಮ್ಮ ಮನೆಯಲ್ಲಿದ್ದಾರೆ ಎಂಬುದನ್ನು ಅವಲಂಬಿಸಿದೆ. ಎಲ್ಲರೂ ಸರಿಯಾಗಿ ಕೂತಿದ್ದರೆ ಒಬ್ಬನು ಏಳುವುದು ಕಷ್ಟ. ಹಲವರು ಎದ್ದರೆಂದರೆ ಉಳಿದವರು ಏಳುವುದು ಸಲೀಸು. ಅದಕ್ಕೇ ಕಾಯಿಸುತ್ತಾ ಹೋದಂತೆ ಶಿಸ್ತು ಮೊದಮೊದಲು ತುಸುವೇ ಸಡಿಲಾಗಿ, ಕೊನೆಯ ಕೆಲವು ಡಿಗ್ರಿಗಳಲ್ಲಿ ಒಮ್ಮೆಲೇ ಕುಸಿಯುತ್ತದೆ.

ಇಲ್ಲಿ ಯಜಮಾನನೆಂದು ಯಾರೂ ಇಲ್ಲ. ಪ್ರತಿ ಪರಮಾಣುವಿಗೂ ಗೊತ್ತಿರುವುದು ತನ್ನ ಅಕ್ಕಪಕ್ಕದವರಷ್ಟೇ. ಹಾಗಾಗಿ ಶಿಸ್ತು ಒಂದೇ ಕಡೆಯಿಂದ ಶುರುವಾಗುವುದೂ ಇಲ್ಲ, ಏಕಕಾಲಕ್ಕೆ ಹಲವು ಕಡೆ ಶುರುವಾಗುತ್ತದೆ. ಇಲ್ಲೊಂದು ತಾಪತ್ರಯವಿದೆ. ಅಂಗಳದ ಎರಡು ತುದಿಯಿಂದ ಇಬ್ಬರು ರಂಗೋಲಿಯ ಚುಕ್ಕಿ ಇಡುತ್ತಾ ಬಂದರೆ, ಇಬ್ಬರ ಸಾಲೂ ನೇರವಾಗಿಯೇ ಇದ್ದು, ಅಂತರವೂ ಸಮನಾಗಿಯೇ ಇದ್ದು, ನಡುವೆ ಕೂಡುವ ಕಡೆ ಮಾತ್ರ ಒಬ್ಬರ ಚುಕ್ಕಿಗೆ ಎದುರಾಗಿ ಇನ್ನೊಬ್ಬರ ಸಂದು ಬಂದು ನಿಲ್ಲಬಹುದು. ಇಬ್ಬರದೂ ತಪ್ಪಿಲ್ಲ, ಆದರೂ ಎಳೆ ಕೂಡುವುದಿಲ್ಲ. ಲೋಹದೊಳಗೆ ಇಂಥ ಕೂಡದ ಗಡಿಗಳು ಲೆಕ್ಕವಿಲ್ಲದಷ್ಟಿರುತ್ತವೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅವು ಅಂಕುಡೊಂಕಾಗಿ ಹರಿದಾಡುವುದು ಕಾಣುತ್ತದೆ. ಬಿಸಿಯಲ್ಲಿ ಸಾಕಷ್ಟು ಕಾಲ ಬಿಟ್ಟರೆ ದೊಡ್ಡ ಪ್ರದೇಶಗಳು ಸಣ್ಣವನ್ನು ನುಂಗುತ್ತಾ, ಗಡಿಗಳು ಒಂದೊಂದಾಗಿ ಕರಗುತ್ತಾ ಹೋಗುತ್ತವೆ.

ಅದಿರಲಿ, ಗಟ್ಟಿ ಲೋಹದಲ್ಲಿ ಪರಮಾಣು ಓಡಾಡುವುದಾದರೂ ಹೇಗೆ? ಎಲ್ಲ ಮನೆಗಳೂ ಭರ್ತಿಯಾಗಿದ್ದರೆ ಯಾರೂ ಅಲುಗಾಡುವಂತಿಲ್ಲ. ಓಡಾಟಕ್ಕೆ ದಾರಿ ಮಾಡಿಕೊಡುವುದು ಖಾಲಿ ಮನೆಗಳು. ಯಾವ ಸ್ಫಟಿಕವೂ ಪೂರ್ತಿ ಭರ್ತಿಯಾಗಿರುವುದಿಲ್ಲ. ಕರಗುವ ಮಟ್ಟದ ಹತ್ತಿರಕ್ಕೆ ಕಾದ ಅಲ್ಯೂಮಿನಿಯಂನಲ್ಲಿ ಸುಮಾರು ಸಾವಿರಕ್ಕೊಂದು ಮನೆ ತೆರವಾಗಿರುತ್ತದೆ. ಪಕ್ಕದ ಪರಮಾಣು ಆ ತೆರವಿಗೆ ಜಿಗಿಯುತ್ತದೆ, ಅದು ಬಿಟ್ಟ ಜಾಗಕ್ಕೆ ಇನ್ನೊಂದು, ಅದರ ಜಾಗಕ್ಕೆ ಮತ್ತೊಂದು. ತಣ್ಣಗಾದಷ್ಟೂ ತೆರವುಗಳು ಕಡಿಮೆ, ಜಿಗಿಯುವ ತ್ರಾಣವೂ ಕಡಿಮೆ. ಲೋಹದಲ್ಲಿ ನಡೆಯುವ ಇಷ್ಟೆಲ್ಲ ಕಟ್ಟೋಣಕ್ಕೆ ಆಧಾರ ಏನೂ ಇಲ್ಲದ ಒಂದು ಜಾಗ ಎಂಬುದು ನನಗೆ ಇಂದಿಗೂ ಮೈ ನವಿರೇಳಿಸುವ ವಿಚಾರ.

ಬರ್ಲಿನ್ ಹತ್ತಿರದ ನ್ಯೂಬಾಬೆಲ್ಸ್‌ಬರ್ಗ್‌ನ ಪ್ರಯೋಗಾಲಯದಲ್ಲಿ ಆಲ್ಫ್ರೆಡ್ ವಿಲ್ಮ್ ಎಂಬ ಲೋಹತಜ್ಞ 1906ರಲ್ಲಿ ಅಲ್ಯೂಮಿನಿಯಂ ಅನ್ನು ಉಕ್ಕಿನಂತೆ ಗಟ್ಟಿ ಮಾಡಲು ಹೆಣಗುತ್ತಿದ್ದರು. ಶೇಕಡ 4ರಷ್ಟು ತಾಮ್ರ, ಶೇಕಡ ಅರ್ಧದಷ್ಟು ಮೆಗ್ನೀಸಿಯಂ ಬೆರೆಸಿದ ಲೋಹವನ್ನು ಕಾಯಿಸಿ ನೀರಿಗೆ ಅದ್ದಿದರು. ಅಳೆದಾಗ ಹೇಳಿಕೊಳ್ಳುವಂಥ ಗಟ್ಟಿತನವೇನೂ ಇರಲಿಲ್ಲ. ಅಷ್ಟರಲ್ಲಿ ವಾರದ ರಜೆ ಬಂತು. ಸೋಮವಾರ ಬಂದು ಮತ್ತೆ ಅಳೆದರೆ ಅದೇ ತುಂಡು ಬಹಳ ಗಟ್ಟಿಯಾಗಿತ್ತು. ಯಾರೂ ಕಾಯಿಸಿಲ್ಲ, ಬಡಿದಿಲ್ಲ, ಮುಟ್ಟಿಲ್ಲ. ಮೇಜಿನ ಮೇಲೆ ಸುಮ್ಮನೆ ಬಿದ್ದಿತ್ತು ಅಷ್ಟೆ. ವಿಲ್ಮ್ ಅದಕ್ಕೆ ಪೇಟೆಂಟ್ ಪಡೆದರು, ಡ್ಯುರಾಲುಮಿನ್ ಎಂಬ ಹೆಸರಿನಲ್ಲಿ ಅದು ಜೆಪೆಲಿನ್ ವಾಯುನೌಕೆಗಳ ಎಲುಬುಗೂಡಾಯಿತು. ಆದರೆ ರಜೆಯ ದಿನಗಳಲ್ಲಿ ಒಳಗೆ ಏನಾಯಿತು ಎಂದು ಅವರಿಗೂ ತಿಳಿಯಲಿಲ್ಲ.

1938ರಲ್ಲಿ ಫ್ರಾನ್ಸಿನ ಆಂದ್ರೆ ಗಿನಿಯೆ ಮತ್ತು ಇಂಗ್ಲೆಂಡಿನ ಪ್ರೆಸ್ಟನ್, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ಎಕ್ಸ್‌ರೇ ಹಾಯಿಸಿ ಉತ್ತರ ಕಂಡುಕೊಂಡರು. ಇಬ್ಬರ ಟಿಪ್ಪಣಿಗಳೂ 'ನೇಚರ್' ಪತ್ರಿಕೆಯಲ್ಲಿ ಅಕ್ಕಪಕ್ಕದಲ್ಲೇ ಅಚ್ಚಾದವು. ಅಲ್ಯೂಮಿನಿಯಂನಲ್ಲಿ ಚದುರಿಹೋಗಿದ್ದ ತಾಮ್ರದ ಪರಮಾಣುಗಳು ಒಂದನ್ನೊಂದು ಹುಡುಕಿಕೊಂಡು ಬಂದು ಪುಟ್ಟ ಪುಟ್ಟ ಬಿಲ್ಲೆಗಳಾಗಿ ಕೂಡಿದ್ದವು. ಬಿಲ್ಲೆಯ ದಪ್ಪ ಒಂದೆರಡು ಪರಮಾಣುಗಳಷ್ಟು, ಅಗಲ ಒಂದು ಮಿಲಿಮೀಟರಿನ ಲಕ್ಷದಲ್ಲೊಂದು ಭಾಗದ ಆಸುಪಾಸು. ಲೋಹ ಬಾಗಬೇಕಾದರೆ ಒಳಗಿನ ಪದರಗಳು ಒಂದರ ಮೇಲೊಂದು ಜಾರಬೇಕು. ಈ ಬಿಲ್ಲೆಗಳು ಜಾರುವಿಕೆಗೆ ಅಡ್ಡ ನಿಲ್ಲುತ್ತವೆ. ಕೋಣೆಯ ತಂಪಿನಲ್ಲಿ ತಾಮ್ರಕ್ಕೆ ಅಷ್ಟು ದೂರ ನಡೆಯಲು ಸಾಧ್ಯವಾದದ್ದು ಹೇಗೆ? ನೀರಿಗೆ ಅದ್ದಿದಾಗ ಬಿಸಿಯ ಹೊತ್ತಿನ ಖಾಲಿ ಮನೆಗಳೂ ಒಳಗೇ ಸಿಕ್ಕಿಹಾಕಿಕೊಂಡಿದ್ದವು. ಆ ತೆರವುಗಳೇ ಅದನ್ನು ಒಯ್ದವು.

ವಿಮಾನ ಕಟ್ಟುವ ಕಾರ್ಖಾನೆಗಳಲ್ಲಿ ಇದರ ಒಂದು ಸೊಗಸಾದ ಬಳಕೆಯಿದೆ. ಈ ಜಾತಿಯ ಲೋಹದ ರಿವೆಟ್‌ಗಳನ್ನು ಕಾಯಿಸಿ ಅದ್ದಿದ ಕೂಡಲೇ ಕೊರೆಯುವ ಚಳಿಯ ಫ್ರೀಜರಿನಲ್ಲಿ ಇಡುತ್ತಾರೆ. ಅಲ್ಲಿ ಅವು ಮೆತ್ತಗೇ ಇರುತ್ತವೆ. ಬೇಕಾದಷ್ಟನ್ನೇ ಹೊರತೆಗೆದು ಬೇಗ ಬೇಗ ಬಡಿದು ಕೂರಿಸಬೇಕು. ತಡಮಾಡಿದರೆ ತಲೆ ಚಪ್ಪಟೆಯಾಗುವ ಬದಲು ಸೀಳುತ್ತದೆ. ಕೂರಿಸಿಯಾದ ಮೇಲೆ ರಿವೆಟ್ ವಿಮಾನದ ಮೈಯಲ್ಲೇ ಗಟ್ಟಿಯಾಗುತ್ತದೆ. ಇನ್ನೂ ವಿಸ್ಮಯದ ಮಾತೆಂದರೆ, ರೈಟ್ ಸಹೋದರರು 1903ರಲ್ಲಿ ಹಾರಿಸಿದ ವಿಮಾನದ ಎಂಜಿನ್ನಿನ ಕವಚ ಶೇಕಡ 8ರಷ್ಟು ತಾಮ್ರ ಬೆರೆತ ಅಲ್ಯೂಮಿನಿಯಂ ಎರಕದ್ದು. 1994ರಲ್ಲಿ ಅದರ ಚೂರನ್ನು ಪರೀಕ್ಷಿಸಿದಾಗ ಅದರಲ್ಲೂ ಇದೇ ಬಿಲ್ಲೆಗಳು ಇದ್ದವು. ವಿಲ್ಮ್ ಕಂಡುಹಿಡಿಯುವ ಮೊದಲೇ, ಹೆಸರಿಲ್ಲದೆ, ಈ ಕ್ರಿಯೆ ಮನುಷ್ಯನ ಮೊದಲ ಎಂಜಿನ್ ವಿಮಾನದ ಹಾರಾಟಕ್ಕೆ ಹೆಗಲು ಕೊಟ್ಟಿತ್ತು.

ಚಿನ್ನ–ತಾಮ್ರದಲ್ಲಿ ಪರಮಾಣು ಬಯಸಿದ್ದು ಬೇರೆ ಜಾತಿಯ ನೆರೆಯನ್ನು. ಅಲ್ಯೂಮಿನಿಯಂನೊಳಗಿನ ತಾಮ್ರ ಬಯಸಿದ್ದು ತನ್ನ ಜಾತಿಯವರ ಸಹವಾಸವನ್ನು. ಮಿಶ್ರಲೋಹಗಳ ಒಳಬಾಳೆಲ್ಲ ಈ ಎರಡು ಒಲವುಗಳ ನಡುವೆ ನಡೆಯುತ್ತದೆ. ಬಿಸಿ ಮಾತ್ರ ಯಾವ ಒಲವಿನ ಪರವೂ ಅಲ್ಲ. ಅಡ್ಡಾದಿಡ್ಡಿ ಕೂರುವ ಬಗೆಗಳು ಎಣಿಕೆಗೆ ಸಿಗದಷ್ಟು, ಅಚ್ಚುಕಟ್ಟಾಗಿ ಕೂರುವ ಬಗೆಗಳು ಬೆರಳೆಣಿಕೆಯಷ್ಟು; ಆದ್ದರಿಂದ ಬಿಸಿ ಏರಿದಷ್ಟೂ ಬೆರಕೆಯೇ ಗೆಲ್ಲುತ್ತದೆ.

ಹೀಗೆ ತನ್ನವರೊಡನೆ ಕೂಡಿ ಬೇರ್ಪಡುವುದರಲ್ಲೂ ಎರಡು ದಾರಿಗಳಿವೆ. ಒಂದರಲ್ಲಿ ಮೊದಲು ಬೀಜ ಬೀಳಬೇಕು. ತೀರಾ ಚಿಕ್ಕ ಬೀಜ ಉಳಿಯದು, ಕರಗಿಹೋಗುತ್ತದೆ. ಒಂದು ಗಾತ್ರ ದಾಟಿದ್ದು ಬೆಳೆಯುತ್ತದೆ. ಇನ್ನೊಂದರಲ್ಲಿ ಬೀಜವೇ ಬೇಡ. ಎಲ್ಲೋ ತಾಮ್ರ ಕೂದಲೆಳೆಯಷ್ಟು ಹೆಚ್ಚಿದ್ದರೆ ಅಲ್ಲಿಗೆ ಇನ್ನಷ್ಟು ತಾಮ್ರ ಹರಿದುಬರುತ್ತದೆ. ವಸ್ತು ಯಾವಾಗಲೂ ದಟ್ಟವಾಗಿರುವ ಕಡೆಯಿಂದ ವಿರಳವಾಗಿರುವ ಕಡೆಗೆ ಹರಡುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಇಲ್ಲಿ ಅದು ವಿರಳದಿಂದ ದಟ್ಟದ ಕಡೆಗೆ, ಏರುಮುಖವಾಗಿ ನಡೆಯುತ್ತದೆ. ಲೋಹದ ಮೈಯಿಡೀ ಒಂದೇ ಹೊತ್ತಿಗೆ ಅಲೆ ಅಲೆಯಾಗಿ ಎರಡು ಭಾಗವಾಗುತ್ತದೆ, ಎರಡೂ ಒಂದರೊಳಗೊಂದು ಹೆಣೆದುಕೊಂಡು ಬೆಳೆಯುತ್ತವೆ. ಸ್ವೀಡನ್ನಿನ ಮ್ಯಾಟ್ಸ್ ಹಿಲ್ಲರ್ಟ್ 1950ರ ದಶಕದಲ್ಲಿ, ಜಾನ್ ಕಾನ್ 1961ರಲ್ಲಿ ಇದರ ಗಣಿತ ಕಟ್ಟಿದರು. ಅತಿ ಸಣ್ಣ ಅಲೆ ಏಳುವುದಿಲ್ಲ, ಗಡಿ ಕಟ್ಟುವ ಖರ್ಚು ಹೆಚ್ಚು. ಅತಿ ದೊಡ್ಡ ಅಲೆ ಏಳುವುದು ತೀರಾ ನಿಧಾನ, ಪರಮಾಣುಗಳು ನಡೆಯಬೇಕಾದ ದೂರ ಹೆಚ್ಚು. ನಡುವಿನ ಒಂದು ಅಳತೆ ಮಾತ್ರ ಎಲ್ಲರಿಗಿಂತ ಬೇಗ ಬೆಳೆದು ಇಡೀ ಲೋಹಕ್ಕೆ ತನ್ನ ಗುರುತು ಹಾಕುತ್ತದೆ. ಕಾಗದದ ಮೇಲೆ ಕಟ್ಟಿದ ಗಣಿತ ಲೋಹದಲ್ಲಿ ಕಂಡ ಅಳತೆಗೆ ತಾಳೆಯಾಯಿತು ಎಂಬುದನ್ನು ಓದುವಾಗ ನನಗೆ ಆಗುವ ಸಂತೋಷ ದೊಡ್ಡದು.

ಎರಡು ಒಲವುಗಳೂ ಪರಸ್ಪರ ವಿರೋಧಿಗಳೆಂದು ತೋರುತ್ತವೆ. ಆದರೆ ಜೆಟ್ ಎಂಜಿನ್ನಿನ ಟರ್ಬೈನ್ ಅಲಗುಗಳ ನಿಕ್ಕಲ್ ಮಿಶ್ರಲೋಹದಲ್ಲಿ ಅವು ಕೈಜೋಡಿಸುತ್ತವೆ. ಅಲ್ಲಿ ಅಲ್ಯೂಮಿನಿಯಂ ಪರಮಾಣುವಿಗೆ ಸುತ್ತಲೂ ನಿಕ್ಕಲ್ಲೇ ಬೇಕು. ಮೂರು ನಿಕ್ಕಲ್‌ಗೆ ಒಂದು ಅಲ್ಯೂಮಿನಿಯಂ ಇರುವ ಕಡೆ ಈ ಆಸೆ ಪೂರ್ತಿ ನೆರವೇರುತ್ತದೆ. ಹಾಗಾಗಿ ಅಂಥ ಶಿಸ್ತಿನ ಭಾಗಗಳು ಉಳಿದ ಬೆರಕೆ ಭಾಗದಿಂದ ಬೇರೆಯಾಗಿ, ಸುಮಾರು ಅರ್ಧ ಮೈಕ್ರಾನ್ ಅಗಲದ ಪುಟ್ಟ ಘನಾಕೃತಿಗಳಾಗಿ ಸಾಲುಗಟ್ಟುತ್ತವೆ. ಬೇರೆ ಜಾತಿಯವರೊಡನೆ ಕೂಡುವ ಆಸೆಯೇ ಬೇರ್ಪಡುವಿಕೆಗೆ ಕಾರಣವಾಗುತ್ತದೆ. ಸಾಮಾನ್ಯ ಲೋಹ ಕಾದಷ್ಟೂ ಮೆತ್ತಗಾದರೆ, ಈ ಘನಗಳು ಸುಮಾರು 700 ಡಿಗ್ರಿ ದಾಟುವವರೆಗೂ ಕಾದಷ್ಟೂ ಗಟ್ಟಿಯಾಗುತ್ತಾ ಹೋಗುತ್ತವೆ. ನಮ್ಮ ತಲೆಯ ಮೇಲೆ ಹಾದುಹೋಗುವ ಪ್ರಯಾಣಿಕ ಜೆಟ್‌ಗಳು ಹಾರುತ್ತಿರುವುದು ಇವುಗಳ ಬಲದಿಂದ.

ಆದರೆ ಈ ವಿದ್ಯೆಯ ಮೇರುಕೃತಿ ಇರುವುದು ಕಾರ್ಖಾನೆಯಲ್ಲಲ್ಲ, ಆಕಾಶದಿಂದ ಬಿದ್ದ ಕಬ್ಬಿಣದಲ್ಲಿ. ಕಬ್ಬಿಣದ ಉಲ್ಕೆಯನ್ನು ಕೊಯ್ದು, ನುಣುಪು ಮಾಡಿ, ನೈಟ್ರಿಕ್ ಆಮ್ಲ ಸವರಿದರೆ ಬೂದು ಮೈಯಲ್ಲಿ ಪಟ್ಟೆಗಳು ಏಳುತ್ತವೆ. ಅಗಲವಾದ ಪಟ್ಟೆಗಳು ನಿಕ್ಕಲ್ ಕಡಿಮೆ ಇರುವ ಭಾಗ, ಆಮ್ಲ ಅವನ್ನು ಬೇಗ ತಿನ್ನುತ್ತದೆ. ಅವುಗಳ ಅಂಚಿಗೆ ಬೆಳ್ಳಿಗೆರೆಯಂತೆ ಹೊಳೆಯುವುದು ನಿಕ್ಕಲ್ ಹೆಚ್ಚಿರುವ ಭಾಗ. ಪಟ್ಟೆಗಳು ನಾಲ್ಕೇ ನಾಲ್ಕು ಬಗೆಯ ಸಮತಲಗಳನ್ನು ಹಿಡಿದು ಬೆಳೆದಿರುವುದರಿಂದ ಅವು ಒಂದನ್ನೊಂದು ಕತ್ತರಿಸುವ ಕೋನಗಳು ಕಡೆಯವರೆಗೂ ತಪ್ಪುವುದಿಲ್ಲ. ನೇಪಲ್ಸ್‌ನಲ್ಲಿ ವಿಲಿಯಂ ಥಾಮ್ಸನ್ 1804ರಲ್ಲಿ ಇದನ್ನು ಕಂಡರು. ವಿಯೆನ್ನಾದ ವಿಡ್ಮನ್‌ಸ್ಟಾಟನ್ 1808ರಲ್ಲಿ ಕಂಡರು, ಹೆಸರು ಅವರದೇ ನಿಂತಿತು. 1820ರಲ್ಲಿ ಷ್ರೈಬರ್ಸ್ ಎಂಬವರು ತಮ್ಮ ಪುಸ್ತಕಕ್ಕಾಗಿ ಆಮ್ಲ ತಿಂದ ಉಲ್ಕೆಯ ಹೋಳಿಗೇ ಶಾಯಿ ಬಳಿದು, ಅದನ್ನೇ ಅಚ್ಚಿನ ಪಡಿಯಾಗಿಸಿ ಚಿತ್ರ ಮುದ್ರಿಸಿದರು.

ಕೈಬೆರಳಿನಿಂದ ಮುಟ್ಟಿ ತಿಳಿಯಬಹುದಾದಷ್ಟು ಅಗಲದ ಈ ಪಟ್ಟೆಗಳು ಬೆಳೆಯಲು ಬೇಕಾದ ಕಾಲ ಯಾವ ಕುಲುಮೆಯಲ್ಲೂ ಸಿಗದು. ಒಡೆದುಹೋದ ಪುಟ್ಟ ಗ್ರಹಗಳ ಒಡಲಲ್ಲಿ ಈ ಕಬ್ಬಿಣ ತಣಿದ ವೇಗ ಹತ್ತು ಲಕ್ಷ ವರ್ಷಗಳಿಗೆ ಕೆಲವು ಡಿಗ್ರಿಗಳಿಂದ ಕೆಲವು ಸಾವಿರ ಡಿಗ್ರಿಗಳವರೆಗೆ. ಅದು ನಡೆದದ್ದು ಸುಮಾರು 450 ಕೋಟಿ ವರ್ಷಗಳ ಹಿಂದೆ, ಸೌರಮಂಡಲದ ಎಳವೆಯಲ್ಲಿ. ನಿಕ್ಕಲ್ ಹೆಚ್ಚಿರುವ ಅಂಚುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಲ್ಲಿ ಎರಡನೆಯ ಬೇರ್ಪಡುವಿಕೆ: ಬೀಜ ಬೇಡದ ಬಗೆಯದು. ಒಂದು ಸಾವಿರ ಸೇರಿಸಿದರೂ ಕೂದಲಿನ ದಪ್ಪಕ್ಕೆ ಹೋಲಿಸಬಹುದಾದಷ್ಟು ಚಿಕ್ಕ ದ್ವೀಪಗಳು. ಪ್ರತಿ ದ್ವೀಪದೊಳಗೂ ಒಂದು ಪದರ ಕಬ್ಬಿಣ, ಒಂದು ಪದರ ನಿಕ್ಕಲ್. ಅಕ್ಕಸಾಲಿಗರ ಕೆಂಪು ಚಿನ್ನದಲ್ಲಿ ಇರುವುದೂ ಇದೇ ಜೋಡಣೆ. 1980ರಲ್ಲಿ ಇದಕ್ಕೆ ಟೆಟ್ರಾಟೇನೈಟ್ ಎಂದು ಹೆಸರಿಟ್ಟರು. ಚಿನ್ನದಲ್ಲಿ ನಿಮಿಷಗಳಲ್ಲಿ ಆಗುವುದಕ್ಕೆ ಇಲ್ಲಿ ಯುಗಗಳು ಹಿಡಿಯಲು ಕಾರಣ, ಈ ಶಿಸ್ತು ಹುಟ್ಟುವುದು ಸುಮಾರು 320 ಡಿಗ್ರಿಯ ಕೆಳಗೆ. ಆ ಮಟ್ಟದಲ್ಲಿ ನಿಕ್ಕಲ್ ಪರಮಾಣು ಒಮ್ಮೆ ಜಿಗಿಯಲು ಸಾವಿರಾರು ವರ್ಷ ಬೇಕು.

ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಲೂಯಿ ನೀಲ್ ಮತ್ತು ಸಂಗಡಿಗರು 1960ರ ದಶಕದ ಆರಂಭದಲ್ಲಿ ಇದೇ ಜೋಡಣೆಯನ್ನು ಬೇರೊಂದು ಉಪಾಯದಿಂದ ತಂದಿದ್ದರು. ಕಬ್ಬಿಣ–ನಿಕ್ಕಲ್ ಲೋಹದ ಮೇಲೆ ಅಣುಸ್ಥಾವರದ ನ್ಯೂಟ್ರಾನ್‌ಗಳನ್ನು ಹಾಯಿಸಿ, ಪರಮಾಣುಗಳನ್ನು ಬಡಿದೆಬ್ಬಿಸಿ, ಖಾಲಿ ಮನೆಗಳನ್ನು ಸೃಷ್ಟಿಸಿದರು. ಮಿಕ್ಕದ್ದನ್ನು ಖಾಲಿ ಮನೆಗಳು ಮಾಡಿಕೊಂಡವು.

ಟೆಟ್ರಾಟೇನೈಟ್ ಒಳ್ಳೆಯ ಅಯಸ್ಕಾಂತ, ಒಮ್ಮೆ ಹಿಡಿದ ದಿಕ್ಕನ್ನು ಸುಲಭಕ್ಕೆ ಬಿಡುವುದಿಲ್ಲ. ಪಟ್ಟೆಯ ಅಂಚಿಗೆ ಹತ್ತಿರದ ದ್ವೀಪಗಳು ಮೊದಲು ಹುಟ್ಟಿದವು, ಒಳಗಿನವು ಆಮೇಲಿನವು. 2015ರಲ್ಲಿ ಕೇಂಬ್ರಿಡ್ಜ್‌ನ ಜೇಮ್ಸ್ ಬ್ರೈಸನ್, ರಿಚರ್ಡ್ ಹ್ಯಾರಿಸನ್ ಮತ್ತಿತರರು ದಕ್ಷಿಣ ಅಮೆರಿಕದಲ್ಲಿ ಸಿಕ್ಕ ಇಮಿಲಾಕ್, ಎಸ್ಕೆಲ್ ಎಂಬ ಉಲ್ಕೆಗಳ ದ್ವೀಪಗಳನ್ನು ಸಾಲಾಗಿ ಓದಿದರು. ಆ ಉಲ್ಕೆಗಳ ತವರಾದ ಪುಟ್ಟ ಗ್ರಹದ ನಡುವಣ ದ್ರವ ಲೋಹ ಒಂದು ಕಾಲಕ್ಕೆ ಕಾಂತಕ್ಷೇತ್ರ ಹುಟ್ಟಿಸುತ್ತಿತ್ತು, ಅದು ಪೂರ್ತಿ ಗಟ್ಟಿಯಾದಾಗ ಕಾಂತಕ್ಷೇತ್ರ ಅಡಗಿತು ಎಂಬ ಕಥೆ ಅಲ್ಲಿ ದಾಖಲಾಗಿತ್ತು.

ಇಂಥ ದಾಖಲೆ ಅಳಿಯಲು ಹೆಚ್ಚು ಹೊತ್ತು ಬೇಡ. 1621ರಲ್ಲಿ ಪಂಜಾಬಿನ ಜಲಂಧರ ಸೀಮೆಯಲ್ಲಿ ಬಿದ್ದ ಉಲ್ಕೆಯ ಕಬ್ಬಿಣದಿಂದ ಬಾದಶಹ ಜಹಾಂಗೀರ ಕತ್ತಿ, ಚಾಕು ಮಾಡಿಸಿದ. ಬರಿಯ ಉಲ್ಕೆ ಸುತ್ತಿಗೆಗೆ ಪುಡಿಯಾಯಿತೆಂದು ಅದರ ಮೂರು ಪಾಲಿಗೆ ಒಂದು ಪಾಲು ಸಾಮಾನ್ಯ ಕಬ್ಬಿಣ ಬೆರೆಸಬೇಕಾಯಿತೆಂದು ಅವನೇ ಬರೆದಿದ್ದಾನೆ. ಚಾಕು ಇಂದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ, ನೋಡಲು ಚೆಲುವಾಗಿದೆ. ಆದರೆ ಆ ಕಬ್ಬಿಣ ತನ್ನ ಹುಟ್ಟೂರಿನ ಬಗ್ಗೆ ಹೇಳಬಹುದಾಗಿದ್ದುದನ್ನೆಲ್ಲ ಮೊಗಲರ ಕುಲುಮೆ ಅಳಿಸಿಹಾಕಿತು.

ಭಾರತದಲ್ಲಿ ಬೀಳುವ ಉಲ್ಕೆಗಳ ಜವಾಬ್ದಾರಿ ಇರುವುದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೆ. ಬೆಂಗಳೂರಿನಲ್ಲೂ ಅದರ ಕಚೇರಿ ಇದೆ. ನಿಮ್ಮೂರಿನ ಹೊಲದಲ್ಲೋ ಅಂಗಳದಲ್ಲೋ ಎಂದಾದರೂ ಅಂಥ ಕಲ್ಲು ಬಿದ್ದರೆ ದಯವಿಟ್ಟು ಅದನ್ನು ಒಡೆಯಬೇಡಿ, ಕಾಯಿಸಬೇಡಿ, ಪೂಜೆಯ ಹೆಸರಿನಲ್ಲಿ ತೊಳೆಯಬೇಡಿ. ಕಬ್ಬಿಣ ಹೌದೋ ಅಲ್ಲವೋ ಎಂದು ನೋಡಲು ಅಯಸ್ಕಾಂತ ಹಿಡಿಯುವುದೂ ಬೇಡ, ಹಳೆಯ ಕಾಂತದ ಗುರುತನ್ನು ಅದು ಕೆಡಿಸಬಲ್ಲದು. ಶುಭ್ರವಾದ ಒಣ ಚೀಲದಲ್ಲಿಟ್ಟು, ಬಿದ್ದ ಜಾಗ ಮತ್ತು ಹೊತ್ತನ್ನು ಬರೆದಿಟ್ಟುಕೊಂಡು, ಅವರಿಗೆ ತಲುಪಿಸಿ.